ತಂತಿಗೇರಿದ ದಂಡಿನ ಕಾಗದ

ನನ್ನ ಓದು ಎರಡನೇ ಇಯತ್ತೆಯದು. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುವುದು ಅದಕ್ಕಿಂತ ನಿಧಾನ. ಇಂಗ್ಲಿಷಿನಲ್ಲಿ ಸಿ, ಎ, ಎಂ, ಪಿ ಎಂಬ ನಾಲ್ಕು ಅಕ್ಷರ ಗೊತ್ತು, ಅದರ ಮೇಲೆ ಎಫ್ ಮತ್ತು ಓ. ರಾಣಿಯ ಕಾಲದ ದಂಡಿನ ಟಪಾಲು ಮುದ್ರೆ ಕೂಡಿಡುವವರಿಗೆ ಅಷ್ಟು ಸಾಕು. ಕ್ಯಾಂಪು ಎಂದು ಬರೆದಿದೆಯೋ ಇಲ್ಲವೋ ಗೊತ್ತಾದರೆ ಆಯಿತು, ಉಳಿದದ್ದನ್ನು ಕಣ್ಣೇ ನೋಡಿಕೊಳ್ಳುತ್ತದೆ.

ಶಿರಸಿಯಲ್ಲಿ ನಮ್ಮ ಮನೆ ಬನವಾಸಿ ರಸ್ತೆಯ ಕಡೆ. ಪೇಟೆಯಲ್ಲಿ ನಮ್ಮವರದು ಎತ್ತಿನ ಸಾಮಾನಿನ ಅಂಗಡಿ. ಹಗ್ಗ, ಮೂಗುದಾಣ, ಗೆಜ್ಜೆ, ಗಂಟೆ, ಬಾರಕೋಲು ಮಾರುತ್ತಿದ್ದೆವು. ಎತ್ತಿನ ಸಂಬಂಧ ಆ ಮನೆಗೆ ಹಳೆಯದು. ನಮ್ಮವರ ಮುತ್ತಜ್ಜ ಮತ್ತು ಅವನ ತಮ್ಮ ಹೇರಿನ ಎತ್ತುಗಳ ಮೇಲೆ ಬಿಳಿಯರ ದಂಡಿಗೆ ಕಾಳು, ಹುಲ್ಲು ಸಾಗಿಸುತ್ತಿದ್ದರಂತೆ. ಅಣ್ಣ ಊರಲ್ಲಿ ಕುಳಿತು ಮಾಲು ಕೂಡಿಸುವವನು, ತಮ್ಮ ಎತ್ತು ಹೊಡೆದುಕೊಂಡು ದಂಡಿನ ಬೆನ್ನ ಹಿಂದೆ ಹೋಗುವವನು. ಒಮ್ಮೆ ಹದಿನೆಂಟು ಎತ್ತು ಹೊಡೆದುಕೊಂಡು ಹೋದ ತಮ್ಮ ತಿರುಗಿ ಬರಲಿಲ್ಲ. ಎತ್ತು ಮಾರಿದ, ಪುಣೆಯಲ್ಲಿ ಯಾರನ್ನೋ ಕಟ್ಟಿಕೊಂಡ ಎಂದು ಮನೆಯವರೇ ತೀರ್ಮಾನ ಮಾಡಿಬಿಟ್ಟರು. ನಾನು ಸೊಸೆಯಾಗಿ ಬಂದಾಗಲೂ ಆ ಮಾತು ಬಿಸಿಬಿಸಿಯಾಗಿತ್ತು. ನಮ್ಮವರು ಪೇಟೆಯಿಂದ ಸ್ವಲ್ಪ ತಡವಾಗಿ ಬಂದರೂ ನಮ್ಮತ್ತೆ ಶುರು ಮಾಡುತ್ತಿದ್ದರು.

"ಎತ್ತು ಮಾರ್ಕೊಂಡು ಓಡಿಹ್ವಾದಾವ್ನ ರಕ್ತ. ಮನಿ ನೆನಪಾಗೂದು ಯಾವಾಗ್ಲೂ ತಡಾನ."

"ಯವ್ವಾ, ನಾ ಚಾ ಕುಡ್ಯಾಕ ಹೋಗಿದ್ದೆ."

"ಅವನೂ ಚಾ ಕುಡ್ಯಾಕ ಹೋಗಿದ್ನೋ ಏನೋ."

ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಮನೆಯ ಅಟ್ಟದಲ್ಲಿ ಹೊಸ ಹಗ್ಗ ತೂಗಿಹಾಕಲು ಜಾಗ ಮಾಡುತ್ತಿದ್ದೆ. ಅಲ್ಲಿ ಒಂದು ತಂತಿ ತೂಗುತ್ತಿತ್ತು. ಹಳೆಯ ವ್ಯಾಪಾರದ ಮನೆಗಳಲ್ಲಿ ಇದ್ದ ಪದ್ಧತಿ ಅದು. ಬಂದ ಕಾಗದವನ್ನು ಓದಿ ಮುಗಿಸಿ ಕೊಕ್ಕೆ ತಂತಿಗೆ ಚುಚ್ಚಿಬಿಡುವುದು. ತಂತಿಗೆ ಏರಿತು ಎಂದರೆ ಅದರ ಕೆಲಸ ಮುಗಿಯಿತು, ಮತ್ತೆ ಯಾರೂ ಮುಟ್ಟುವುದಿಲ್ಲ. ನಾನು ಮುಟ್ಟಿದೆ. ಧೂಳು ಕೊಡವಿದಾಗ ಕಾಗದಗಳಿಗೆ ಅಂಟಿದ್ದ ನೀಲಿ ಟಪಾಲು ಚೀಟಿಗಳ ಮೇಲೆ ಒಬ್ಬ ಹೆಂಗಸಿನ ತಲೆ ಕಂಡಿತು. ತುರುಬು ಚೆನ್ನಾಗಿತ್ತು. ಹನ್ನೊಂದು ತಲೆಗಳನ್ನು ಕತ್ತರಿಯಿಂದ ಗುಂಡಗೆ ಕತ್ತರಿಸಿ, ಅಂಗಡಿಯ ಗೆಜ್ಜೆ ಡಬ್ಬಿಯ ಮುಚ್ಚಳಕ್ಕೆ ಗಂಜಿ ಹಚ್ಚಿ ಅಂಟಿಸಿದೆ. ಗಂಟೆ ಡಬ್ಬಿಯೂ ಗೆಜ್ಜೆ ಡಬ್ಬಿಯೂ ಒಂದೇ ಥರ ಇದ್ದವು, ಗುರುತಿಗೆ ಆಯಿತು ಎಂದುಕೊಂಡೆ.

ಮಧ್ಯಾಹ್ನ ನಮ್ಮವರು ಊಟಕ್ಕೆ ಹೋದಾಗ ಅಂಗಡಿಯಲ್ಲಿ ನಾನು ಕೂರುತ್ತಿದ್ದೆ. ಹಾಗೆ ಕೂತಿದ್ದ ಒಂದು ದಿನ ಯಲ್ಲಾಪುರದ ಮುಸಲ್ಮಾನ ಸಾಹೇಬರೊಬ್ಬರು ಬಂದರು. ಅಲ್ಲಿಯ ಟಪಾಲು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಗನ ಲಾರಿಗೆ ಹಗ್ಗ ಬೇಕಿತ್ತು. ಹಗ್ಗ ಎಳೆದು ನೋಡುತ್ತಿದ್ದವರ ಕಣ್ಣು ಡಬ್ಬಿಯ ಮೇಲೆ ಬಿತ್ತು. ಹಗ್ಗ ಕೈಯಿಂದ ಬಿತ್ತು.

"ಇದನ್ನ ಕತ್ತರಿಸಿದವ್ರು ಯಾರ್ರಿ?"

"ನಾನ."

"ಗಂಡಸಾಗಿದ್ರ ಕೈ ಕತ್ತರಿಸ್ಬೇಕು ಅಂತಿದ್ದೆ."

"ನಿಮಗ ಹಗ್ಗ ಬೇಕೋ, ಕೈ ಬೇಕೋ?" ಎಂದೆ.

ಅವರು ನಕ್ಕುಬಿಟ್ಟರು. ಕನ್ನಡಕ ಒರೆಸಿಕೊಂಡು, ಡಬ್ಬಿಯನ್ನು ಬಿಸಿಲಿಗೆ ಹಿಡಿದು, ನನಗೆ ಮೊದಲ ಪಾಠ ಹೇಳಿದರು. "ರಾಣಿ ತಲಿ ಎಲ್ಲಾ ಕಡೆ ಸಿಗ್ತದ ತಂಗೆವ್ವಾ. ತಲಿ ಮ್ಯಾಲ ಬಿದ್ದ ಪೆಟ್ಟು ನೋಡು. ಊರಿನ ಕಚೇರಿ ಪೆಟ್ಟು ಒಂದು ಥರ. ದಂಡು ಬೀಡು ಬಿಟ್ಟಲ್ಲಿ ಡೇರೆದಾಗ ಕುಂತು ಹೊಡದ ಪೆಟ್ಟು ಬ್ಯಾರೇ ಥರ. ದಂಡು ಎದ್ದು ಹೋತಂದ್ರ ಆ ಕಚೇರೀನೂ ಹೋತು, ಆ ಮುದ್ರೀನೂ ಹೋತು. ನೀ ಏನ್ ಮಾಡೀಯಂದ್ರ, ಪೆಟ್ಟು ಕತ್ತರಿಸಿ ಒಗದು, ತಲಿ ಇಟಗೊಂಡೀ."

ಕತ್ತರಿಸಿದ ಅಂಚುಗಳು ಎಲ್ಲಿ ಎಂದು ಕೇಳಿದರು. ಒಲೆಗೆ ಹಾಕಿದ್ದೆ. ಹಾಗೆಂದು ಹೇಳಿದೆ. ಅವರು ನೀರು ಕೇಳಿ ಕುಡಿದು ಹೋದರು. ಹಗ್ಗ ಒಯ್ಯುವುದು ಮರೆತರು.

ಮರುವಾರ ಹಗ್ಗದ ನೆಪ ಮಾಡಿಕೊಂಡು ಮತ್ತೆ ಬಂದರು. ತಂತಿಯಲ್ಲಿ ಉಳಿದದ್ದನ್ನು ತೋರಿಸಿದೆ. ಅಲ್ಲಿಂದ ನಾನು ಕೆಟ್ಟೆ. ಬೇರೆ ಹೆಂಗಸರಿಗೆ ಸೀರೆಯ ಹುಚ್ಚು ಇರುತ್ತದೆ, ನನಗೆ ಹಳೆಯ ಮಸಿಯ ಹುಚ್ಚು ಹಿಡಿಯಿತು. ಚೌಕದ್ದು, ಗುಂಡನೆಯದು, ಅಡ್ಡಗೆರೆಯದು, ವಜ್ರದ ಆಕಾರದ್ದು, ಎಲ್ಲವನ್ನೂ ರಂಗೋಲಿ ನೋಡಿದ ಹಾಗೆ ನೋಡಿ ಕಲಿತೆ. ಸಾಹೇಬರು ಪುಸ್ತಕ ನೋಡಿ ಹೇಳುತ್ತಿದ್ದರು, ನಾನು ನೋಡಿದ ಕೂಡಲೇ ಹೇಳುತ್ತಿದ್ದೆ. ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದರೆ ಹೆಂಗಸಿಗೆ ಹೇಗೆ ತಿಳಿಯುತ್ತದೋ ಹಾಗೆ. ಅವರಿಗೆ ಅದು ಸ್ವಲ್ಪ ಹೊಟ್ಟೆಯುರಿ.

ನಮ್ಮವರು ಗಂಟೆ, ಗೆಜ್ಜೆ ಮಾರಲು ಸಿದ್ದಾಪುರದ ಕಡೆ ಹೋದಾಗ ನಾನೂ ಹೊರಟೆ. ಅವರು ಎತ್ತಿನ ಕೊರಳು ನೋಡುತ್ತಿದ್ದರೆ ನಾನು ಮನೆಯವರ ಅಟ್ಟದ ಕಡೆ ನೋಡುತ್ತಿದ್ದೆ. ಕೋಲಸಿರ್ಸಿಯಲ್ಲಿ ಹೆಗಡೆಯವರೊಬ್ಬರ ಮನೆಯ ಅಜ್ಜಿ ನನ್ನ ಬೇಡಿಕೆ ಕೇಳಿ ಬಾಗಿಲಲ್ಲೇ ನಿಂತರು.

"ಹಳೇ ಕಾಗ್ದ ಎಂತಕ್ಕೆ ನಿಂಗೆ? ಓದ್ತ್ಯನೆ?"

"ಓದೂದಿಲ್ರಿ. ನೋಡ್ತೇನಿ."

"ಓದ್ದೇ ಇದ್ದವು ನೋಡಿ ಎಂತ ಮಾಡ್ತ್ಯೇ? ನಮ್ಮನೆ ಅಜ್ಜನ ತಮ್ಮ ದಂಡಲ್ಲಿ ಲೆಕ್ಕ ಬರೀತಿದ್ನಡ. ಅವಂದು ಒಂದ್ ಕಟ್ಟು ಇದ್ದು. ಆನು ಒಲೆ ಹೊತ್ಸಲೆ ಹೇಳಿ ಇಟ್ಕಂಡಿದ್ದೆ."

ಕರುವಿಗೆ ಒಂದು ಗೆಜ್ಜೆಸರ ಕೊಟ್ಟು ಆ ಕಟ್ಟು ತಂದೆ. ಅದರಲ್ಲಿ ಕೆಂಪು ಮಸಿಯ ಕ್ಯಾಂಪು ಮುದ್ರೆ ಎರಡು ಸಿಕ್ಕವು. ಒಂದನ್ನು ಸಾಹೇಬರಿಗೆ ಕೊಟ್ಟು ಬದಲಿಗೆ ಅವರ ಹತ್ತಿರ ಇದ್ದ ಹಡಗಿನ ಮುದ್ರೆ ತೆಗೆದುಕೊಂಡೆ. ಅಜ್ಜಿಗೆ ಒಲೆ ಹೊತ್ತಿಸಲು ಒಣ ಸೋಗೆ ಇತ್ತು, ಚಿಂತೆ ಬೇಡ.

ಆದರೆ ಎಲ್ಲಕ್ಕಿಂತ ದೊಡ್ಡದು ನಮ್ಮ ಅಟ್ಟದ ತಂತಿಯಲ್ಲೇ ಇತ್ತು. ತೀರ ಕೆಳಗೆ, ತುಕ್ಕಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಲಕೋಟೆ. ನೀಲಿ ಅರ್ಧಾಣೆಯ ಮೇಲೆ ಗುಂಡನೆಯ ಮುದ್ರೆ, ಎಫ್, ಪಿ, ಓ, ಅಂದರೆ ದಂಡಿನ ಟಪಾಲು ಕಚೇರಿ, ಅದರ ಕೆಳಗೆ ಅಂಕಿ. ಅಂಕಿ ಏಳು. ಆದರೆ ತಲೆಕೆಳಗಾಗಿ ಕೂತಿತ್ತು. ಡೇರೆಯಲ್ಲಿ ಕುಳಿತ ಯಾವನೋ ಗಡಿಬಿಡಿಯಲ್ಲಿ ಅಚ್ಚನ್ನು ತಿರುವುಮುರುವು ಸಿಕ್ಕಿಸಿದ್ದಾನೆ. ಅದನ್ನು ಮೊದಲು ಕಂಡದ್ದು ನಾನು, ಸಾಹೇಬರಲ್ಲ. ಇದನ್ನು ಬರೆದಿಡಬೇಕು, ಯಾಕೆಂದರೆ ಆಮೇಲೆ ಅವರು ಎಲ್ಲರ ಮುಂದೆ "ನಾವು ಕಂಡ್ವಿ" ಎನ್ನುತ್ತಿದ್ದರು.

ಇನ್ನೂ ಒಂದಿತ್ತು. ಆ ಲಕೋಟೆಯನ್ನು ಯಾರೂ ಒಡೆದಿರಲಿಲ್ಲ. ತಂತಿ ಒಂದು ಮೂಲೆಯಲ್ಲಿ ತೂತು ಮಾಡಿತ್ತು, ಅಷ್ಟೇ. ಟಪಾಲಿನವನ ಕೈಯಿಂದ ಯಾರೋ ಹೆಂಗಸು ತೆಗೆದುಕೊಂಡು, ದಂಡಿನ ಕಾಗದ ಎಂದರೆ ಹುಲ್ಲಿನ ಲೆಕ್ಕ ಎಂದುಕೊಂಡು ನೇರ ತಂತಿಗೆ ಚುಚ್ಚಿರಬೇಕು. ಗಂಡಸರು ಬಂದರು, ತಂತಿಯಲ್ಲಿದೆ ಅಂದರೆ ಓದಿ ಆಗಿದೆ ಎಂದುಕೊಂಡರು. ಹಾಗೆ ಎಂಬತ್ತು ವರ್ಷ ತೂಗಾಡಿತು. ನನ್ನ ಊಹೆ ಇದು. ಕೇಳೋಣ ಎಂದರೆ ಅವರು ಯಾರೂ ಇಲ್ಲ.

ಸಾಹೇಬರು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ತಂಗೆವ್ವಾ, ನಲವತ್ತು ವರ್ಷ ಟಪಾಲು ಮುಟ್ಟೀನಿ, ಇಂಥಾದ್ದು ನೋಡಿಲ್ಲ. ಒಡೀಬ್ಯಾಡ. ಮುಚ್ಚಿದ್ದು ಮುಚ್ಚಿದಂಗ ಇರಲಿ. ಹರದ್ರ ಅರ್ಧ ಸತ್ತಂಗ" ಎಂದರು.

ನಾನು ಒಡೆಯಲಿಲ್ಲ. ಎರಡು ರಟ್ಟಿನ ನಡುವೆ ಇಟ್ಟು, ಸೀರೆಯ ಟ್ರಂಕಿನಲ್ಲಿ ಮೇಲೆ ಇಟ್ಟೆ. ನಾಲ್ಕು ವರ್ಷ ಇಟ್ಟೆ. ಮದುವೆಯಲ್ಲಿ ಕೊಟ್ಟ ಬೆಳ್ಳಿಯ ಬಟ್ಟಲು ಕಳೆದಾಗ ನಾನು ಅಷ್ಟು ಹುಡುಕಲಿಲ್ಲ, ಆದರೆ ಈ ರಟ್ಟು ಒಂದು ಬೆರಳು ಸರಿದಿದ್ದರೂ ಗೊತ್ತಾಗುತ್ತಿತ್ತು. ನನ್ನದು ಅಂತ ಆ ಮನೆಯಲ್ಲಿ ಇದ್ದದ್ದು ಅದೊಂದೇ. ಬಟ್ಟಲು ತವರಿನದು, ಸೀರೆ ಗಂಡನದು, ಮಕ್ಕಳು ಅತ್ತೆಯವರದು.

ಒಂದು ದಿನ ಅತ್ತೆ ಟ್ರಂಕಿನಿಂದ ಮಡಿಸೀರೆ ತೆಗೆಯಲು ಹೋಗಿ ರಟ್ಟು ಕೈಗೆತ್ತಿಕೊಂಡರು.

"ಇದನ್ಯಾಕ ಒಡದಿಲ್ಲ?"

"ಒಡದ್ರ ಕೆಡ್ತೈತಿ ಅತ್ತೀ."

"ಕಾಗದ ಒಡದ್ರ ಕೆಡೂದು ಅಂದ್ರೇನು? ಇದೇನು ತೆಂಗಿನಕಾಯೇನು? ಬರದಾವ ಹುಚ್ಚನೇನು, ಓದಬ್ಯಾಡ್ರಿ ಅಂತ ಬರ್ಯಾಕ?"

ನಾನು ಬಿಟ್ಟುಕೊಡಲಿಲ್ಲ. ಸಾಹೇಬರು ಬೇಡ ಎಂದಿದ್ದಾರೆ ಎಂದೆ. ಅತ್ತೆ, "ಕಾಗದ ಈ ಮನೀಗೆ ಬಂದೈತೋ ಸಾಹೇಬ್ರ ಮನೀಗೋ?" ಎಂದರು. ನಮ್ಮವರನ್ನು ಕೇಳಿದರೆ ಅವರು ಎರಡೂ ಕಡೆ ತಲೆಯಾಡಿಸಿ ಅಂಗಡಿಗೆ ಹೋದರು. ಎರಡು ತಿಂಗಳು ದಿನಾ ಇದೇ. ಸಾರಿಗೆ ಉಪ್ಪು ಕಡಿಮೆಯಾದರೂ ಕಾಗದ ಒಡೆಯದ್ದಕ್ಕೇ ಎನ್ನುವಷ್ಟಕ್ಕೆ ಬಂತು. ಕಡೆಗೆ ನಾನೇ ಒಂದು ಮಾತಿಗೆ ಒಪ್ಪಿದೆ. ಹರಿಯಬಾರದು. ಉಗಿ ಹಿಡಿದು ಅಂಟು ಬಿಡಿಸಬೇಕು, ಅದನ್ನೂ ಸಾಹೇಬರೇ ಬಿಡಿಸಬೇಕು, ಓದಿದ ಮೇಲೆ ಇದ್ದ ಹಾಗೇ ಅಂಟಿಸಿ ನನ್ನ ಕೈಗೆ ಕೊಡಬೇಕು. ಅತ್ತೆ "ಹೂಂ" ಎಂದರು.

ಸಾಹೇಬರು ಬಸ್ಸಿನಲ್ಲಿ ಬಂದರು. ಮುಖ ಮದುಮಗನನ್ನು ಆಪರೇಷನ್ನಿಗೆ ಕರೆದುಕೊಂಡು ಹೋಗುವವರ ಹಾಗಿತ್ತು. ನಾನು ಚಹಾದ ಪಾತ್ರೆಯಲ್ಲಿ ನೀರು ಕುದಿಸಿದೆ. ಅವರು ಲಕೋಟೆಯ ಬೆನ್ನನ್ನು ಉಗಿಗೆ ಹಿಡಿದರು, ಮುಂದಿನ ಮಗ್ಗುಲಿಗೆ ನಾನು ಒದ್ದೆ ತಾಗದಂತೆ ರಟ್ಟು ಹಿಡಿದೆ. ನನ್ನ ಬೆರಳು ಸುಟ್ಟಿತು, ಬಿಡಲಿಲ್ಲ. ಹಳೆಯ ಅಂಟು ಒಳ್ಳೆಯ ಮನಸ್ಸು ಮಾಡಿ ತಾನಾಗಿ ಬಿಟ್ಟಿತು. ಮುದ್ರೆಗೆ ಕೂದಲೆಳೆಯಷ್ಟೂ ಏನೂ ಆಗಲಿಲ್ಲ. ನಾವಿಬ್ಬರೂ ಮುಖ ನೋಡಿಕೊಂಡೆವು. ಅಲ್ಲಿಗೆ ಗೆದ್ದೆ ಎಂದುಕೊಂಡೆ.

ಒಳಗೆ ಒಂದೇ ಹಾಳೆ, ಹಳೆಯ ಮರಾಠಿ ಬರಹದ ಮೋಡಿ ಅಕ್ಷರ. ಸಾಹೇಬರು ಸರ್ಕಾರಿ ಕೆಲಸದಲ್ಲಿ ಮೋಡಿ ಓದಿದವರು. ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಟೊಪ್ಪಿಗೆ ಸರಿಮಾಡಿಕೊಂಡು, "ಅವ್ವಾರ, ಕುಂದರ್ರಿ" ಎಂದರು.

"ನಾ ನಿಂತ ಕೇಳ್ತೇನಿ."

"ನಿಮ್ಮ ತಮ್ಮ ವಾಂತಿಭೇದಿಯಿಂದ ಮೂರು ದಿನ ಮಲಗಿ ತೀರಿಕೊಂಡ, ಅಂತ ದಂಡಿನವ್ರು ಬರದಾರ. ಅಣ್ಣಗ ಬರದ ಕಾಗದ ಇದು. ಕೊರಳಿನ ಲಿಂಗ ಅವನ ಕೂಡಾನ ಮಣ್ಣಿಗೆ ಹೋಗೇತಿ. ಹದಿನೆಂಟು ಎತ್ತಿನಾಗ ಹನ್ನೊಂದು ಸತ್ತಾವು, ಏಳು ದಂಡಿನಾಗ ಅದಾವು. ಕಂಬಳಿ, ತಂಬಿಗಿ ಇಲ್ಲಿ ಅದಾವು, ಬಂದು ಒಯ್ರಿ, ಅಂತ."

ಅತ್ತೆ ಅಳಲಿಲ್ಲ. ಅವರು ಕಂಡ ಮನುಷ್ಯನೇ ಅಲ್ಲ. ಆದರೆ ಎಂಬತ್ತು ವರ್ಷದಿಂದ ಮೂರು ತಲೆಮಾರಿನ ಹೆಂಗಸರು ಬೈದ ಬೈಗುಳವೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು. ಅದು ಅವರ ಮುಖದಲ್ಲಿ ಕಂಡಿತು. ಅರ್ಧ ಗಳಿಗೆ ಅಷ್ಟೇ. ಆಮೇಲೆ ಸೆರಗು ಸಿಕ್ಕಿಸಿಕೊಂಡರು.

"ಹಂಡೆಕ ನೀರು ಹಾಕು. ಎಲ್ಲಾರೂ ಜಳಕ ಮಾಡ್ಬೇಕು."

ನಮ್ಮಲ್ಲಿ ಸೂತಕ ಇಲ್ಲ. ಮಠದ ಅಯ್ಯನವರನ್ನು ಕರೆಸಿದಾಗ ಅವರೂ ಅದನ್ನೇ ಹೇಳಿದರು. "ಲಿಂಗ ಕಟ್ಟಿದವ್ರಿಗೆ ಸೂತಕ ಇಲ್ರವ್ವಾ."

"ಅದು ನಿಮಗ ಗೊತ್ತು ಅಯ್ಯಾರ, ಸತ್ತಾವಗ ಗೊತ್ತೈತೇನು?" ಎಂದರು ಅತ್ತೆ. ಅಯ್ಯನವರು ಪಾದಪೂಜೆಗೆ ಕಾಲು ಚಾಚಿ ಕುಳಿತರು.

ಮೊದಲ ಕೊಡ ಬಿಸಿನೀರು ಹೋದದ್ದು ಸಾಹೇಬರಿಗೆ. "ನೀವ ಓದೀರಿ, ನಿಮ್ಮದ ಮೊದಲು" ಎಂದು ಅತ್ತೆ ಅವರನ್ನು ಹಿತ್ತಲಿಗೆ ಕಳಿಸಿದರು. ಅವರು ಸ್ನಾನ ಮಾಡಿ, ನಮ್ಮವರ ಧೋತರ ಉಟ್ಟುಕೊಂಡು ಗಡ್ಡದಿಂದ ನೀರು ಸೋರಿಸುತ್ತ ಬಂದು ಕುಳಿತರು. ನನಗೆ ನಗು ಬಂತು. ನಗುವ ಹೊತ್ತಲ್ಲ ಅದು, ಆದರೂ ಬಂತು.

ನಗು ನಿಂತದ್ದು ಅತ್ತೆ ಹಾಳೆಯನ್ನು ಕೈಗೆ ತೆಗೆದುಕೊಂಡಾಗ. ಸಾವಿನ ಕಾಗದವನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಓದಿದ ಕೂಡಲೇ ಹರಿದು ಹೊರಗೆ ಹಾಕಬೇಕು. ಇದು ನನಗೂ ಗೊತ್ತಿದ್ದದ್ದೇ. ಅಂಗಳದಲ್ಲಿ ನಿಂತು ಹಾಳೆಯನ್ನು ನಾಲ್ಕು ಹರಿದರು. ಹರಿಯಲಿ, ಹಾಳೆ ನನಗೆ ಬೇಕಿರಲಿಲ್ಲ. ಆಮೇಲೆ ಕೈ ಚಾಚಿದರು.

"ಅದನ್ನೂ ತಾ."

ಲಕೋಟೆ ನನ್ನ ಸೆರಗಿನೊಳಗಿತ್ತು. "ಇದು ಕಾಗದ ಅಲ್ಲ ಅತ್ತೀ, ಬರೇ ಚೀಲ. ಇದರಾಗ ಸುದ್ದಿ ಇಲ್ಲ."

"ಹೆಣಾ ಹೊತ್ತ ಚಟ್ಟ ಮನೀಗೆ ತಿರುಗಿ ತರ್ತಾರೇನು?"

ನಾನು ಹಿಂದೆ ಸರಿದೆ, ಅವರು ಮುಂದೆ ಬಂದರು. ನಮ್ಮವರು ಎತ್ತ ನೋಡಬೇಕೋ ತಿಳಿಯದೆ ಬಾವಿಯ ಕಡೆ ನೋಡಿದರು. ಸಾಹೇಬರು ಎದ್ದರು.

"ಅವ್ವಾರ, ಮನ್ಯಾಗ ಇರಬಾರದು, ಅಷ್ಟ ಅಲ್ರೀ? ಹರೀಬೇಕು ಅಂತ ಇಲ್ಲಲ್ಲ?"

ಅತ್ತೆ ಯೋಚಿಸಿದರು. "ಮನ್ಯಾಗ ಇರಬಾರದು," ಎಂದರು.

"ನಮ್ಮ ಮನ್ಯಾಗ ಹಂಗೇನಿಲ್ರಿ. ನಾ ಒಯ್ತೇನಿ. ತಂಗೆವ್ವಂದು ಅದು, ನನ್ನ ಕಡೆ ಅಮಾನತ್ತು, ನಾ ಬರೇ ಇಟಗೊಂಡು ಕಾಯಾಂವ."

ಅತ್ತೆ ಹೂಂ ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ನಿಜ ಹೇಳುತ್ತೇನೆ, ಹರಿದು ಚೂರಾದರೂ ಅಷ್ಟು ಉರಿಯುತ್ತಿರಲಿಲ್ಲ. ನಾನು ಕಂಡದ್ದು, ನಾನು ಕಾದದ್ದು, ನಾನು ಬೆರಳು ಸುಟ್ಟುಕೊಂಡದ್ದು, ಹೋಗಿ ಕುಳಿತದ್ದು ಯಲ್ಲಾಪುರದಲ್ಲಿ. ಸಾಹೇಬರು ನಮ್ಮವರ ಧೋತರ ಉಟ್ಟುಕೊಂಡು, ಎದೆಗೆ ರಟ್ಟು ಅವಚಿಕೊಂಡು ಬಸ್ಸು ಹತ್ತಿದರು. ಧೋತರ ಎಂಟು ದಿನಕ್ಕೆ ಇಸ್ತ್ರಿಯಾಗಿ ಬಂತು. ಲಕೋಟೆ ಬರಲಿಲ್ಲ.

ಆ ವರ್ಷದಿಂದ ಹಿರಿಯರ ಪೂಜೆಗೆ ಅತ್ತೆ ಒಂದು ಧೋತರ ಹೆಚ್ಚಿಗೆ ಇಟ್ಟರು. ನಮ್ಮವರು ತಡವಾಗಿ ಬಂದಾಗ ಬೈಯಲು ಬಾಯಿ ತೆಗೆದು, ಎತ್ತಿನ ಮಾತು ಬರುವ ಹೊತ್ತಿಗೆ ತಡವರಿಸಿ, "ಊಟಾ ಆರಿ ಹೋತು" ಎಂದು ಮುಗಿಸುತ್ತಿದ್ದರು.

ನಾನು ಎರಡು ಮೂರು ತಿಂಗಳಿಗೊಮ್ಮೆ ಯಲ್ಲಾಪುರಕ್ಕೆ ಹೋಗಿ ಅದನ್ನು ನೋಡಿ ಬರುತ್ತಿದ್ದೆ. ಸಾಹೇಬರ ಮನೆಯವರು ಚಹಾ ಕೊಡುತ್ತಿದ್ದರು, ನಾನು ಅದನ್ನು ಕುಡಿಯುತ್ತಿದ್ದೆನೆಂದು ಅತ್ತೆಗೆ ಹೇಳುತ್ತಿರಲಿಲ್ಲ. ಸಾಹೇಬರು ಲಕೋಟೆಯನ್ನು ತಮ್ಮ ಪುಸ್ತಕದಲ್ಲಿ ಅಂಟಿಸಲಿಲ್ಲ, ಬೇರೆ ಡಬ್ಬಿಯಲ್ಲಿ ಇಟ್ಟಿದ್ದರು. ನೋಡಲು ಬಂದವರಿಗೆಲ್ಲ "ಇದು ಶಿರಸಿಯವ್ರದು" ಎಂದೇ ಹೇಳುತ್ತಿದ್ದರಂತೆ. "ನಾವು ಕಂಡ್ವಿ" ಎನ್ನುವುದನ್ನು ಮಾತ್ರ ಬಿಡಲಿಲ್ಲ.

ಕೆಲವು ವರ್ಷಕ್ಕೆ ಅತ್ತೆ ತೀರಿಕೊಂಡರು. ಎಲ್ಲ ಮುಗಿದು, ಬಂದ ನೆಂಟರೆಲ್ಲ ಹೋದ ಮೇಲೆ, ನಾನು ಮೊದಲ ಬಸ್ಸಿಗೆ ಯಲ್ಲಾಪುರಕ್ಕೆ ಹೋದೆ. ಇನ್ನು ಬೇಡ ಎನ್ನುವವರು ಯಾರು? ಕೇಳುವ ಮೊದಲೇ ಸಾಹೇಬರು ಡಬ್ಬಿ ತೆಗೆದರು. ಎರಡು ಹೊಸ ರಟ್ಟು ಹಾಕಿ, ದಾರ ಸುತ್ತಿ ಕೊಟ್ಟರು. ಕೊಡುವಾಗ ನಾನು ಅವರ ಮುಖ ನೋಡಲಿಲ್ಲ, ನೋಡಿದರೆ ನನ್ನ ಕೆಲಸ ಕೆಡುತ್ತಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮಹಾರಾಣಿಯ ಹಾಗೆ ಬಂದೆ.

ಮನೆಯ ಮುಂದೆ ಚಪ್ಪಲಿ ಬಿಟ್ಟೆ. ಹೊಸ್ತಿಲು ದಾಟಲು ಕಾಲೆತ್ತಿದೆ. ಕಾಲು ಒಳಗೆ ಹೋಗಲಿಲ್ಲ. ನಾನೇನು ಅಂಥದ್ದನ್ನೆಲ್ಲ ನಂಬುವವಳಲ್ಲ. ಅತ್ತೆಯ ಮಡಿಗೆ ಹಿಂದಿನಿಂದ ನಕ್ಕವಳು. ಮತ್ತೊಮ್ಮೆ ಎತ್ತಿದೆ. ಚಟ್ಟದ ಮಾತು ಕಿವಿಯಲ್ಲಿ ಬಂತು. ಕಾಲು ಇಳಿಸಿದೆ.

ಒಳಗಿನಿಂದ ನಮ್ಮವರು, "ಯಾಕ, ಬಾಗಲದಾಗ ನಿಂತಿ?" ಎಂದರು.

"ಒಂದು ತಂಬಿಗಿ ನೀರು ಕೊಡ್ರಿ, ಇಲ್ಲೇ ಕೊಡ್ರಿ."

ಕುಡಿದು, ಚಪ್ಪಲಿ ಮೆಟ್ಟಿ, ಬಂದ ದಾರಿಯಲ್ಲೇ ಹೊರಟೆ. ಮಧ್ಯಾಹ್ನದ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರು, "ಅಮ್ಮಾರ, ಈಗಷ್ಟ ಇಳದ್ರೆಲ್ರಿ, ಏನರ ಮರತ್ರೇನು?" ಎಂದ. ಹೌದು ಎಂದು ಟಿಕೇಟು ತೆಗೆಸಿದೆ.

ಸಾಹೇಬರು ಬಾಗಿಲು ತೆಗೆದರು. ನನ್ನನ್ನು ನೋಡಿದರು, ಕೈಯಲ್ಲಿದ್ದ ರಟ್ಟನ್ನು ನೋಡಿದರು. ದಾರದ ಗಂಟು ಅವರು ಹಾಕಿದ ಹಾಗೇ ಇತ್ತು.

"ಅತ್ತಿಯವ್ರು ಇನ್ನೂ ಮನ್ಯಾಗ ಅದಾರೇನು ತಂಗೆವ್ವಾ?"

"ಅದಾರ," ಎಂದೆ. "ಇದನ್ನ ಎಲ್ಲಿತ್ತೋ ಅಲ್ಲೇ ಇಡ್ರಿ. ಮತ್ತ ಇನ್ನೊಮ್ಮೆ 'ನಾವು ಕಂಡ್ವಿ' ಅಂದ್ರ ಮಾತ್ರ ತಿರುಗಿ ಒಯ್ತೇನಿ."